200 ಎಂಎಲ್ ಪ್ಲಾಸ್ಮಾದ ಲೆಕ್ಕ

2021ರ ಏಪ್ರಿಲ್, ಮೇ ತಿಂಗಳಲ್ಲಿ ಮಂಗಳೂರು, ಉಡುಪಿ ಕಡೆಯ ಯಾವ ವಾಟ್ಸಾಪ್ ಗ್ರೂಪ್ ತೆರೆದರೂ ಇಂಥದೊಂದು ಮೆಸೇಜ್ ಇರುತ್ತಿತ್ತು: "ಅರ್ಜೆಂಟ್. ಬಿ ಪಾಸಿಟಿವ್ ಪ್ಲಾಸ್ಮಾ ಬೇಕು. ಪೇಷಂಟ್ ಐಸಿಯುನಲ್ಲಿದ್ದಾರೆ. ಕೋವಿಡ್ ಗುಣವಾದವರು ದಯವಿಟ್ಟು ಫೋನ್ ಮಾಡಿ." ಕೆಳಗೊಂದು ನಂಬರು. ಓದಿದವರು ಅದನ್ನು ಹತ್ತು ಗ್ರೂಪಿಗೆ ದಾಟಿಸುತ್ತಿದ್ದರು. ಸುಳ್ಯದಿಂದಲೋ ಬೈಂದೂರಿನಿಂದಲೋ ಮುಖ ನೋಡಿ ಗೊತ್ತಿಲ್ಲದ ಯಾರೋ ಹುಡುಗ ಲಾಕ್‌ಡೌನಿನ ನಡುವೆಯೂ ಬೈಕ್ ಹತ್ತಿ ಹೊರಡುತ್ತಿದ್ದ. ಆ ಮನಸ್ಸು ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಇರಲೇಬೇಕಾಗಿದ್ದ ಒಂದು ವಿವರ ಆ ಮೆಸೇಜುಗಳಲ್ಲಿ ಇರುತ್ತಿರಲಿಲ್ಲ: ಪೇಷಂಟಿಗೆ ಜ್ವರ ಶುರುವಾದ ತಾರೀಕು.

"ಪ್ಲಾಸ್ಮಾ ಸಿಕ್ಕಿದ್ದರೆ ಅಪ್ಪ ಉಳಿಯುತ್ತಿದ್ದರೋ ಏನೋ" ಎಂಬ ಕೊರಗು ಇವತ್ತಿಗೂ ಇರುವ ಮನೆಗಳು ನಮ್ಮ ಎರಡೂ ಜಿಲ್ಲೆಗಳಲ್ಲಿವೆ. ಬೇಕಾದ ಗುಂಪಿನ ದಾನಿ ಸಿಗದೆ ರಾತ್ರಿಯಿಡೀ ಫೋನ್ ಮಾಡಿ ಸೋತವರು ತಪ್ಪು ತಮ್ಮದೇ ಅಂದುಕೊಂಡಿದ್ದಾರೆ. ಅವರಿಗಾಗಿಯಾದರೂ ಈ ಲೆಕ್ಕವನ್ನು ಬಿಡಿಸಿ ಬರೆದಿಡಬೇಕು.

ರಕ್ತದಿಂದ ಕಣಗಳನ್ನೆಲ್ಲ ತೆಗೆದರೆ ಉಳಿಯುವ ತಿಳಿಹಳದಿ ದ್ರವವೇ ಪ್ಲಾಸ್ಮಾ. ಕಾಯಿಲೆ ಬಂದು ಗುಣವಾದವರ ಪ್ಲಾಸ್ಮಾದಲ್ಲಿ ಆ ವೈರಸ್ಸಿನ ವಿರುದ್ಧ ಹೋರಾಡುವ ಆಂಟಿಬಾಡಿಗಳಿರುತ್ತವೆ (ಪ್ರತಿಕಾಯಗಳು). ರೋಗಿಯ ದೇಹ ತನ್ನದೇ ಆಂಟಿಬಾಡಿ ತಯಾರಿಸುವವರೆಗೆ ಅದನ್ನು ಕೈಗಡ ಕೊಡುವುದು ಈ ಚಿಕಿತ್ಸೆಯ ತಿರುಳು. ಹುಚ್ಚುನಾಯಿ ಕಚ್ಚಿದಾಗ ಗಾಯದ ಸುತ್ತ ಚುಚ್ಚುವ ಇಮ್ಯುನೊಗ್ಲೋಬ್ಯುಲಿನ್ ಕೂಡ ಇದೇ ತತ್ವದ್ದು. ಅದಕ್ಕೊಂದು ನಿಯಮವಿದೆ: ಲಸಿಕೆಯ ಮೊದಲ ಡೋಸ್ ಆಗಿ ಏಳು ದಿನ ದಾಟಿದರೆ ಅದನ್ನು ಕೊಡುವುದಿಲ್ಲ, ಯಾಕೆಂದರೆ ಅಷ್ಟರಲ್ಲಿ ದೇಹದ್ದೇ ಆಂಟಿಬಾಡಿ ಬರತೊಡಗಿರುತ್ತದೆ. ಸ್ವಂತ ದುಡಿಮೆ ಶುರುವಾದವನಿಗೆ ಕೈಗಡ ಬೇಡ. ಕೋವಿಡ್ ಪ್ಲಾಸ್ಮಾದ ವಿಷಯದಲ್ಲಿ ಎಲ್ಲರೂ ಮರೆತದ್ದು ಇದನ್ನೇ.

ಸಮಯಕ್ಕೆ ಸರಿಯಾಗಿ ಕೊಟ್ಟರೆ ಪ್ಲಾಸ್ಮಾ ಏನು ಮಾಡಬಲ್ಲದು ಎಂಬುದಕ್ಕೆ ಹಳೆಯ ಉದಾಹರಣೆ ಇದೆ. ಅರ್ಜೆಂಟೀನಾದಲ್ಲಿ ಜುನಿನ್ ಎಂಬ ವೈರಸ್ಸಿನಿಂದ ರಕ್ತಸ್ರಾವದ ಜ್ವರ ಬರುತ್ತದೆ. 1979ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಕಾಯಿಲೆಯ ಮೊದಲ ಎಂಟು ದಿನದೊಳಗೆ ಗುಣಮುಖರ ಪ್ಲಾಸ್ಮಾ ಪಡೆದವರಲ್ಲಿ ಸಾವು ಶೇ. 1.1, ಸಾಮಾನ್ಯ ಪ್ಲಾಸ್ಮಾ ಪಡೆದವರಲ್ಲಿ ಶೇ. 16.5. ಎಂಟು ದಿನದೊಳಗೆ ಎನ್ನುವುದನ್ನು ಗಮನಿಸಿ.

ಈಗ ಕೋವಿಡ್‌ಗೆ ಬನ್ನಿ. ಜ್ವರ, ಕೆಮ್ಮು ಕಾಣಿಸಿಕೊಂಡ ಆಸುಪಾಸಿನಲ್ಲೇ ವೈರಸ್ಸಿನ ಪ್ರಮಾಣ ಅತಿ ಹೆಚ್ಚು. ಒಂದರಿಂದ ಎರಡು ವಾರದೊಳಗೆ ಬಹುಪಾಲು ಜನರಲ್ಲಿ ಆಂಟಿಬಾಡಿ ಬರುತ್ತದೆ. ಆಕ್ಸಿಜನ್ ಮಟ್ಟ ಕುಸಿದು ಆಸ್ಪತ್ರೆ ಸೇರುವುದು ಸಾಮಾನ್ಯವಾಗಿ ಮೊದಲ ವಾರ ಕಳೆಯುವ ಹೊತ್ತಿಗೆ, ವೆಂಟಿಲೇಟರ್ ಅದಕ್ಕೂ ಆಮೇಲೆ. ಆಗ ಶ್ವಾಸಕೋಶವನ್ನು ಕೆಡಿಸುತ್ತಿರುವುದು ವೈರಸ್ಸಿಗಿಂತ ಹೆಚ್ಚಾಗಿ ದೇಹದ್ದೇ ಉರಿಯೂತ. ಬೆಂಕಿ ಹಚ್ಚಿದವನು ಓಡಿಹೋದ ಮೇಲೆ ಅವನನ್ನು ಹಿಡಿಯಲು ಜನ ಕಳಿಸಿದ ಹಾಗೆ ಆಗುತ್ತದೆ ಆಗ ಕೊಡುವ ಪ್ಲಾಸ್ಮಾ.

ಇದು ಬಾಯಿಮಾತಲ್ಲ. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2020ರ ಏಪ್ರಿಲ್‌ನಿಂದ ಜುಲೈವರೆಗೆ ದೇಶದ 39 ಆಸ್ಪತ್ರೆಗಳಲ್ಲಿ 464 ರೋಗಿಗಳ ಮೇಲೆ ಪ್ಲಾಸಿಡ್ ಎಂಬ ಪ್ರಯೋಗ ನಡೆಸಿತು. 200 ಎಂಎಲ್‌ನ ಎರಡು ಡೋಸ್, ನಡುವೆ 24 ಗಂಟೆ ಅಂತರ. 28 ದಿನದೊಳಗೆ ಕಾಯಿಲೆ ಉಲ್ಬಣಿಸಿದವರು ಅಥವಾ ತೀರಿಕೊಂಡವರು ಪ್ಲಾಸ್ಮಾ ಪಡೆದ 235 ಮಂದಿಯಲ್ಲಿ 44, ಪಡೆಯದ 229 ಮಂದಿಯಲ್ಲಿ 41. ಅಂದರೆ ವ್ಯತ್ಯಾಸವೇ ಇಲ್ಲ. ಪತ್ರಿಕೆಗಳಲ್ಲಿ ಬಂದದ್ದು ಇಷ್ಟು. ಒಳಗಿದ್ದ ಇನ್ನೊಂದು ಅಂಕಿ ನನ್ನ ಮಟ್ಟಿಗೆ ಇದಕ್ಕಿಂತ ದೊಡ್ಡದು. ದಾನಿಗಳ ಪ್ಲಾಸ್ಮಾದಲ್ಲಿ ವೈರಸ್ಸನ್ನು ನಿಷ್ಕ್ರಿಯಗೊಳಿಸುವ ಆಂಟಿಬಾಡಿಯ ಮಧ್ಯಮ ಮಟ್ಟ 1:40 ಇತ್ತು. ಪ್ರಯೋಗಕ್ಕೆ ಸೇರುವ ಹೊತ್ತಿಗೇ ಶೇ. 80ಕ್ಕೂ ಹೆಚ್ಚು ರೋಗಿಗಳಲ್ಲಿ ಆಂಟಿಬಾಡಿ ಬಂದಾಗಿತ್ತು, ಮಧ್ಯಮ ಮಟ್ಟ 1:90.

ಈ 1:40, 1:90 ಎಂದರೆ ಏನು? ಪ್ಲಾಸ್ಮಾವನ್ನು ಸಣ್ಣ ಗುಳಿಗಳಿರುವ ತಟ್ಟೆಯಲ್ಲಿ ತೆಳುವಾಗಿಸುತ್ತ ಹೋಗುತ್ತಾರೆ: 20 ಪಟ್ಟು, 40 ಪಟ್ಟು, 80 ಪಟ್ಟು, ಹೀಗೆ. ಎಷ್ಟು ಪಟ್ಟು ತೆಳುವಾದರೂ ವೈರಸ್ಸನ್ನು ತಡೆಯುತ್ತದೋ ಅದೇ ಅದರ ಟೈಟರ್. ಸಾರಿಗೆ ನೀರು ಹಾಕುತ್ತ ಹೋಗಿ ಯಾವಾಗ ಉಪ್ಪು ಗೊತ್ತಾಗುವುದಿಲ್ಲ ಎಂದು ನೋಡಿದ ಹಾಗೆ.

60 ಕೆಜಿ ತೂಕದ ಮನುಷ್ಯನ ಮೈಯಲ್ಲಿ ಸುಮಾರು 2,500 ಎಂಎಲ್ ಪ್ಲಾಸ್ಮಾ ಇರುತ್ತದೆ. ಅದರ ಟೈಟರ್ 90 ಎಂದಿಟ್ಟುಕೊಳ್ಳಿ. ಅದಕ್ಕೆ ಟೈಟರ್ 40 ಇರುವ 200 ಎಂಎಲ್ ಸೇರಿಸಿ. 2,500 ಗುಣಿಸು 90, ಕೂಡಿಸು 200 ಗುಣಿಸು 40, ಒಟ್ಟನ್ನು 2,700ರಿಂದ ಭಾಗಿಸಿ. ಉತ್ತರ 86. ಏರಿಲ್ಲ, ಇಳಿದಿದೆ! ದೇಹ ಇಷ್ಟು ಸರಳವಾದ ಪಾತ್ರೆಯಲ್ಲ, ಆಂಟಿಬಾಡಿ ರಕ್ತನಾಳದಿಂದ ಹೊರಗೂ ಹರಡಿಕೊಳ್ಳುತ್ತದೆ. ಆದರೆ ಹಾಗೆ ಹರಡಿದಾಗ ಕೊಟ್ಟದ್ದು ಇನ್ನೂ ತೆಳುವಾಗುತ್ತದೆಯೇ ಹೊರತು ಗಟ್ಟಿಯಾಗುವುದಿಲ್ಲ. ಆ ಹುಡುಗ ಸುಳ್ಯದಿಂದ ಬಂದು ತೋಳು ಚಾಚಿ ಕೊಟ್ಟದ್ದು, ರೋಗಿಯ ಮೈಯಲ್ಲಿ ಮೊದಲೇ ಇದ್ದುದಕ್ಕಿಂತ ತೆಳುವಾದ ವಸ್ತುವಾಗಿರುವ ಸಾಧ್ಯತೆಯೇ ಹೆಚ್ಚಿತ್ತು.

ಯಾಕೆ ತೆಳು? ಕಾಯಿಲೆ ಜೋರಾಗಿ ಬಂದವರಲ್ಲಿ ಆಂಟಿಬಾಡಿ ಹೆಚ್ಚು, ಎರಡು ದಿನ ಮೈಕೈ ನೋವು ಬಂದು ಹೋದವರಲ್ಲಿ ಕಡಿಮೆ. ದಾನಕ್ಕೆ ಮುಂದೆ ಬಂದವರು ಹೆಚ್ಚಾಗಿ ಎರಡನೆಯ ಬಗೆಯ ಗಟ್ಟಿಮುಟ್ಟು ಯುವಕರು. ಆಸ್ಪತ್ರೆಯಲ್ಲಿ ಹದಿನೈದು ದಿನ ಮಲಗಿ ಎದ್ದ 55 ವರ್ಷದವರ ಪ್ಲಾಸ್ಮಾ ಬೇಕಿತ್ತು, ಆದರೆ ಅವರಿಗೆ ಮೆಟ್ಟಿಲು ಹತ್ತಲೂ ಸುಸ್ತು, ಮೇಲಿಂದ ಶುಗರ್, ಬಿಪಿ. ಜೊತೆಗೆ ತಿಂಗಳುಗಳು ಕಳೆದ ಹಾಗೆ ಆಂಟಿಬಾಡಿ ಇಳಿಯುತ್ತದೆ. ನಿಷ್ಕ್ರಿಯಗೊಳಿಸುವ ಶಕ್ತಿಯನ್ನು ನೇರವಾಗಿ ಅಳೆಯಲು ಜೀವಂತ ವೈರಸ್ ಬೇಕು, ಅದಕ್ಕೆ ಬಿಗಿ ಭದ್ರತೆಯ ಪ್ರಯೋಗಾಲಯ ಬೇಕು. ಜಿಲ್ಲೆಯ ರಕ್ತನಿಧಿಗಳಲ್ಲಿ ಅಂಥದ್ದು ಇರುವುದಿಲ್ಲ. ಆ ಅಳತೆ ಸಿಗದಿದ್ದರೆ ವೈರಸ್ಸಿನ ಮೇಲ್ಮೈಯ ಮುಳ್ಳಿನ (ಸ್ಪೈಕ್) ವಿರುದ್ಧದ ಐಜಿಜಿ ಎಂಬ ಆಂಟಿಬಾಡಿಯ ಮಟ್ಟ 1:640ಕ್ಕಿಂತ ಮೇಲಿರಬೇಕು ಎಂದು ಕೇಂದ್ರ ಆರೋಗ್ಯ ಸಚಿವಾಲಯದ 2020ರ ಜೂನ್ ಮಾರ್ಗಸೂಚಿ ಹೇಳಿತ್ತು. ಆದರೆ ಆಗ ಸುಲಭವಾಗಿ ಸಿಗುತ್ತಿದ್ದ ಎಷ್ಟೋ ಕಿಟ್‌ಗಳು ಹೇಳುತ್ತಿದ್ದದ್ದು "ಇದೆ" ಅಥವಾ "ಇಲ್ಲ" ಅಂತ ಮಾತ್ರ. ಕೆಲವು ಕಿಟ್‌ಗಳು ಪತ್ತೆಹಚ್ಚುತ್ತಿದ್ದದ್ದು ವೈರಸ್ಸಿನ ಒಳಗಿನ ಪ್ರೋಟೀನಿನ ಆಂಟಿಬಾಡಿಯನ್ನು. ಅದು ಕಾಯಿಲೆ ಬಂದುಹೋದದ್ದಕ್ಕೆ ಸಾಕ್ಷಿ ಅಷ್ಟೆ, ವೈರಸ್ಸನ್ನು ತಡೆಯುವ ಶಕ್ತಿಗೆ ಅಲ್ಲ.

ಇನ್ನು ಪ್ಲಾಸ್ಮಾ ತೆಗೆಯುವ ಕೆಲಸ. ಸಾಮಾನ್ಯ ರಕ್ತದಾನದ ಒಂದು ಬ್ಯಾಗಿನಿಂದಲೂ ಸುಮಾರು 200 ಎಂಎಲ್ ಪ್ಲಾಸ್ಮಾ ಬೇರ್ಪಡಿಸಬಹುದು. ಹೆಚ್ಚು ಬೇಕೆಂದರೆ ಅಫೆರೆಸಿಸ್ ಯಂತ್ರ. ತೋಳಿನ ದೊಡ್ಡ ರಕ್ತನಾಳದಿಂದ ರಕ್ತ ಯಂತ್ರಕ್ಕೆ ಹೋಗುತ್ತದೆ, ಗಿರಗಿರ ತಿರುಗಿ ಪ್ಲಾಸ್ಮಾ ಬೇರೆಯಾಗುತ್ತದೆ, ಕೆಂಪುಕಣಗಳು ದಾನಿಗೇ ವಾಪಸ್. ಮುಕ್ಕಾಲು ಗಂಟೆಯಿಂದ ಒಂದು ಗಂಟೆಯೊಳಗೆ 400ರಿಂದ 500 ಎಂಎಲ್, ಅಂದರೆ ಎರಡು ಡೋಸ್. ರಾಜ್ಯ ಸರ್ಕಾರ 2020ರ ಜುಲೈನಲ್ಲಿ ದಾನಿಗಳಿಗೆ 5,000 ರೂಪಾಯಿ ಪ್ರೋತ್ಸಾಹಧನ ಘೋಷಿಸಿದ್ದೂ ಈ ದಾನಕ್ಕೇ.

ದಾನಿಯ ವಯಸ್ಸು 18ರಿಂದ 65, ತೂಕ 50 ಕೆಜಿಗಿಂತ ಮೇಲೆ, ಹಿಮೋಗ್ಲೋಬಿನ್ 12.5ಕ್ಕಿಂತ ಕಡಿಮೆ ಇರಬಾರದಿತ್ತು, ಲಕ್ಷಣಗಳೆಲ್ಲ ಹೋಗಿ 28 ದಿನ ಆಗಿರಬೇಕಿತ್ತು. ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್, ಮಲೇರಿಯಾ ಈ ಐದು ಪರೀಕ್ಷೆಗಳು ಕಡ್ಡಾಯ. ಮಂಗಳೂರಿನಂಥ ಊರಲ್ಲಿ ಮಲೇರಿಯಾದ ಪ್ರಶ್ನೆಯನ್ನು ಎರಡು ಸಲ ಕೇಳಿದರೂ ತಪ್ಪಿಲ್ಲ.

ದಾನಿ ಹೊಟ್ಟೆಗೆ ಏನು ಹಾಕಿಕೊಂಡು ಬಂದಿದ್ದಾರೆ ಎಂಬುದೂ ಮುಖ್ಯ. ಖಾಲಿ ಹೊಟ್ಟೆಯಲ್ಲಿ ಬಂದರೆ ತಲೆ ತಿರುಗುತ್ತದೆ. ಬಿರಿಯಾನಿಯೋ ಗೋಳಿಬಜೆಯೋ ತಿಂದು ಬಂದರೆ ಬ್ಯಾಗಿಗೆ ಇಳಿಯುವುದು ಹಾಲಿನ ಹಾಗೆ ಬೆಳ್ಳಗಿರುವ ಪ್ಲಾಸ್ಮಾ. ಕೊಬ್ಬಿನಿಂದ ಹಾಗಾಗುತ್ತದೆ. ಯಂತ್ರದ ಬೆಳಕಿನ ಕಣ್ಣಿಗೂ ಅದು ಗೊಂದಲ, ಪರೀಕ್ಷೆಗೂ ತೊಡಕು, ಕೊನೆಗೆ ಚೆಲ್ಲಬೇಕಾಗುತ್ತದೆ. ಒಂದು ಕಿಟ್, ಒಂದು ಗಂಟೆ, ಒಬ್ಬ ದಾನಿಯ ಶ್ರಮ ಎಲ್ಲವೂ ವ್ಯರ್ಥ. ಬೆಳಿಗ್ಗೆ ಗಂಜಿ, ಚಟ್ನಿ, ಬೇಕಾದಷ್ಟು ನೀರು ಸಾಕು.

ಯಂತ್ರ ಓಡುತ್ತಿರುವಾಗ ದಾನಿಯ ತುಟಿಯನ್ನು ನೋಡುತ್ತಿರಬೇಕು. ರಕ್ತ ಹೆಪ್ಪುಗಟ್ಟದಿರಲು ಸೇರಿಸುವ ಸಿಟ್ರೇಟ್ ವಾಪಸ್ ಬರುವ ರಕ್ತದ ಜೊತೆ ಮೈಗೆ ಸೇರಿ ಕ್ಯಾಲ್ಸಿಯಮ್ಮನ್ನು ಹಿಡಿದಿಟ್ಟುಕೊಳ್ಳುತ್ತದೆ. ಮೊದಲು ತುಟಿಯ ಸುತ್ತ ಜುಮುಜುಮು, ಆಮೇಲೆ ಬೆರಳ ತುದಿ. ದಾನಿಗಳು ಹೆದರಿಯೋ ನಾಚಿಯೋ ಹೇಳುವುದಿಲ್ಲ. ಸುಮ್ಮನೆ ತುಟಿ ಸವರಿಕೊಳ್ಳುತ್ತಾರೆ, ನಾಲಗೆ ಹೊರಳಿಸುತ್ತಾರೆ. ಅಲ್ಲೇ ವಾಪಸ್ ಬರುವ ವೇಗ ತಗ್ಗಿಸಿ, ಒಂದೆರಡು ಕ್ಯಾಲ್ಸಿಯಂ ಮಾತ್ರೆ ಜಗಿಯಲು ಕೊಟ್ಟರೆ ಕೆಲವೇ ನಿಮಿಷದಲ್ಲಿ ಸರಿಹೋಗುತ್ತದೆ. ಬಿಟ್ಟರೆ ಕೈಬೆರಳು ಸೆಟೆದುಕೊಳ್ಳುವವರೆಗೂ ಹೋಗಬಹುದು.

ಒಮ್ಮೆಯಾದರೂ ಬಸಿರಾದ ಹೆಂಗಸರ ಪ್ಲಾಸ್ಮಾ ತೆಗೆದುಕೊಳ್ಳುತ್ತಿರಲಿಲ್ಲ. ಎಷ್ಟೋ ಜನ ಬಂದು ಮುಖ ಸಣ್ಣದು ಮಾಡಿಕೊಂಡು ಹೋದರು. ಕೌಂಟರಿನಲ್ಲಿ ಇದನ್ನು ಬಿಡಿಸಿ ಹೇಳಬೇಕಿತ್ತು: "ಅಕ್ಕಾ, ನಿಮ್ಮ ರಕ್ತದಲ್ಲಿ ಏನೂ ದೋಷ ಇಲ್ಲ. ಬಸಿರಾದಾಗ ಮಗುವಿನ ಕಣಗಳ ವಿರುದ್ಧ ಕೆಲವು ಆಂಟಿಬಾಡಿ ಹುಟ್ಟಿರುತ್ತವೆ, ಅವು ಪೇಷಂಟಿನ ಶ್ವಾಸಕೋಶಕ್ಕೆ ಅಪಾಯ ಮಾಡಬಹುದು." ಇಷ್ಟು ಹೇಳಲು ಅರ್ಧ ನಿಮಿಷ ಸಾಕು.

ಅತಿ ಹೆಚ್ಚು ಗೊಂದಲವಾದದ್ದು ಗುಂಪಿನ ವಿಷಯದಲ್ಲಿ. ಓ ಗುಂಪಿನವರು ಯಾರಿಗೆ ಬೇಕಾದರೂ ಕೊಡಬಹುದು ಎಂದು ಶಾಲೆಯಲ್ಲಿ ಕಲಿತದ್ದು ಕೆಂಪುಕಣಗಳ ಮಾತು. ಪ್ಲಾಸ್ಮಾದಲ್ಲಿ ಅದು ತಿರುಗುಮುರುಗು. ಓ ಗುಂಪಿನವರ ಪ್ಲಾಸ್ಮಾದಲ್ಲಿ ಎ ಮತ್ತು ಬಿ ಎರಡರ ವಿರುದ್ಧವೂ ಆಂಟಿಬಾಡಿ ಇರುತ್ತದೆ, ಹಾಗಾಗಿ ಅದು ಓ ರೋಗಿಗೆ ಮಾತ್ರ. ಎಬಿ ಗುಂಪಿನವರ ಪ್ಲಾಸ್ಮಾದಲ್ಲಿ ಎರಡೂ ಇಲ್ಲ, ಅದು ಎಲ್ಲರಿಗೂ ಆಗುತ್ತದೆ. ಎಬಿ ರೋಗಿಗೆ ಎಬಿ ಪ್ಲಾಸ್ಮಾವೇ ಬೇಕು. ಪಾಸಿಟಿವ್, ನೆಗೆಟಿವ್ ಇಲ್ಲಿ ಲೆಕ್ಕಕ್ಕಿಲ್ಲ. "ಓ ನೆಗೆಟಿವ್ ದಾನಿ ಸಿಕ್ಕಿದ್ದಾರೆ, ಯಾರಿಗೂ ನಡೆಯುತ್ತದೆ" ಎಂದು ಬಿ ಗುಂಪಿನ ರೋಗಿಯ ಮನೆಯವರು ಕುಂದಾಪುರದಿಂದ ಮಣಿಪಾಲಕ್ಕೆ ದಾನಿಯನ್ನು ಕರೆತಂದರೆ, ಬಂದ ದಾರಿಗೆ ಸುಂಕವಿಲ್ಲ.

ತೆಗೆದ ಪ್ಲಾಸ್ಮಾವನ್ನು ಕೆಲವೇ ಗಂಟೆಯೊಳಗೆ ಹೆಪ್ಪುಗಟ್ಟಿಸಿ ಮೈನಸ್ 30 ಡಿಗ್ರಿಯಲ್ಲಿಟ್ಟರೆ ವರ್ಷದವರೆಗೆ ಇರುತ್ತದೆ. ಆಷಾಢದ ಗಾಳಿಮಳೆಯಲ್ಲಿ ಕರೆಂಟು ಹೋಗುವ ಊರು ನಮ್ಮದು. ಜನರೇಟರ್ ಚಾಲೂ ಆಯಿತೋ ಇಲ್ಲವೋ ಎಂದು ನೋಡಿದರೆ ಸಾಲದು, ಫ್ರೀಜರಿನ ತಾಪಮಾನದ ಗೆರೆ ಎಳೆಯುವ ಚಾರ್ಟನ್ನೂ ನೋಡಬೇಕು. ಕೊಡುವ ಮೊದಲು 37 ಡಿಗ್ರಿ ನೀರಿನಲ್ಲಿ 20ರಿಂದ 30 ನಿಮಿಷ ಕರಗಿಸುತ್ತಾರೆ. ಹೆಪ್ಪುಗಟ್ಟಿದ ಬ್ಯಾಗು ಹಪ್ಪಳದಷ್ಟು ಸೂಕ್ಷ್ಮ. ಮೇಜಿನ ಅಂಚಿಗೆ ತಾಗಿದರೆ ಸೀಳು ಬಿಡುತ್ತದೆ, ಮತ್ತು ಆ ಸೀಳು ಕರಗಿದ ಮೇಲೆಯೇ ಗೊತ್ತಾಗುವುದು. ಅದಕ್ಕೇ ಇನ್ನೊಂದು ಪ್ಲಾಸ್ಟಿಕ್ ಕವರಿನಲ್ಲಿಟ್ಟು, ಸೂಜಿ ಚುಚ್ಚುವ ತುದಿ ನೀರಿಗೆ ತಾಗದಂತೆ ಮೇಲೆ ಮಾಡಿ ಮುಳುಗಿಸಬೇಕು. ನೀರಿನ ಬಿಸಿ ಹೆಚ್ಚಿದರೆ ಪ್ರೋಟೀನ್ ಕೆಡುತ್ತದೆ. ಕರಾವಳಿಯ ಸೆಕೆಗೆ ತಣ್ಣನೆಯ ಬ್ಯಾಗು ಬೆವರುತ್ತದೆ, ಇಂಕಿನಲ್ಲಿ ಬರೆದ ನಂಬರು ಅಳಿಸುತ್ತದೆ. ಲೇಬಲ್ ಒರೆಸಿ, ಓದಿ, ಆಮೇಲೆ ಕೊಡಿ. ಕರಗಿದ್ದನ್ನು 2ರಿಂದ 6 ಡಿಗ್ರಿಯಲ್ಲಿಟ್ಟು 24 ಗಂಟೆಯೊಳಗೆ ಬಳಸಬೇಕು, ಮತ್ತೆ ಫ್ರೀಜರಿಗೆ ಹಾಕುವ ಹಾಗಿಲ್ಲ.

ರೋಗಿಗೆ ಏರಿಸುವಾಗ 200 ಎಂಎಲ್‌ಗೆ ಕನಿಷ್ಠ ಎರಡು ಗಂಟೆ. 20 ಹನಿಗೆ ಒಂದು ಎಂಎಲ್ ಬೀಳುವ ಬ್ಲಡ್ ಸೆಟ್ ಆದರೆ ನಿಮಿಷಕ್ಕೆ 33 ಹನಿ. ಮೊದಲ 15 ನಿಮಿಷ ಇನ್ನೂ ನಿಧಾನ, ಸಿಸ್ಟರ್ ಪಕ್ಕದಲ್ಲೇ ಇರಬೇಕು. ಪಿಪಿಇ ಹಾಕಿದ ಒಬ್ಬ ಸಿಸ್ಟರ್ ಹಲವು ಮಂಚ ನೋಡುತ್ತಿದ್ದ ದಿನಗಳಲ್ಲಿ ಈ 15 ನಿಮಿಷ ಎಷ್ಟು ದುಬಾರಿಯಾಗಿತ್ತು ಎಂಬುದನ್ನು ಹೊರಗಿದ್ದವರು ಊಹಿಸುವುದು ಕಷ್ಟ. ಅದೇ ಲೈನಿನಲ್ಲಿ ನಾರ್ಮಲ್ ಸಲೈನ್ ಬಿಟ್ಟು ಬೇರೆ ಏನೂ ಹೋಗಬಾರದು.

ಮೈಮೇಲೆ ಗಂಧೆ ಎದ್ದರೆ ನಿಲ್ಲಿಸಿ ಅಲರ್ಜಿಯ ಇಂಜೆಕ್ಷನ್ ಕೊಟ್ಟರೆ ಹೆಚ್ಚಾಗಿ ಇಳಿಯುತ್ತದೆ. ಕಷ್ಟವಿರುವುದು ಉಸಿರಾಟ ಹೆಚ್ಚಿದಾಗ. ಹೃದಯ, ಕಿಡ್ನಿ ದುರ್ಬಲವಾಗಿರುವ ಹಿರಿಯರಿಗೆ ಆ 200 ಎಂಎಲ್ಲೇ ಭಾರವಾಗಿ ಶ್ವಾಸಕೋಶದಲ್ಲಿ ನೀರು ತುಂಬಬಹುದು. ಬಿಪಿ ಏರಿರುತ್ತದೆ, ನೀರಿಳಿಸುವ ಮದ್ದಾದ ಫ್ಯೂರೋಸೆಮೈಡ್ ಕೊಟ್ಟರೆ ಇಳಿಯುತ್ತದೆ. ಇನ್ನೊಂದು, ಆರು ಗಂಟೆಯೊಳಗೆ ಬರುವ ಟ್ರಾಲಿ (TRALI) ಎಂಬ ತೊಂದರೆ, ಅಂದರೆ ದಾನಿಯ ಆಂಟಿಬಾಡಿ ರೋಗಿಯ ಶ್ವಾಸಕೋಶವನ್ನೇ ಕೆಣಕುವುದು. ಬಿಪಿ ಕುಸಿಯುತ್ತದೆ, ನೀರಿಳಿಸುವ ಮದ್ದು ಕೆಲಸ ಮಾಡುವುದಿಲ್ಲ. ಎಕ್ಸ್‌ರೇಯಲ್ಲಿ ಎರಡೂ ಬೆಳ್ಳಗೆ, ಕೋವಿಡ್ ನ್ಯುಮೋನಿಯಾವೂ ಬೆಳ್ಳಗೆ. ಏರಿಸುವ ಮುಂಚಿನ ಬಿಪಿ, ಆಕ್ಸಿಜನ್ ಮಟ್ಟ, ಉಸಿರಿನ ಲೆಕ್ಕ ಬರೆದಿಡದಿದ್ದರೆ ಯಾವುದು ಕಾಯಿಲೆ, ಯಾವುದು ಪ್ಲಾಸ್ಮಾದ ಕೆಲಸ ಎಂದು ಆಮೇಲೆ ಯಾರೂ ಹೇಳಲಾರರು. "ಕೊಟ್ಟರೆ ಒಳ್ಳೆಯದಾಗಬಹುದು, ಕೆಟ್ಟದ್ದಂತೂ ಆಗುವುದಿಲ್ಲ" ಎಂಬ ಮಾತು ಅದಕ್ಕೇ ಸರಿಯಲ್ಲ. ಕೆನಡಾ ಮುಂದಾಳತ್ವದ ಕಾನ್‌ಕರ್ ಪ್ರಯೋಗದಲ್ಲಿ ಗಂಭೀರ ತೊಂದರೆಗಳು ಪ್ಲಾಸ್ಮಾ ಪಡೆದವರಲ್ಲಿ ಶೇ. 33.4, ಪಡೆಯದವರಲ್ಲಿ ಶೇ. 26.4 ಇದ್ದವು.

ಬ್ರಿಟನ್ನಿನ ರಿಕವರಿ ಪ್ರಯೋಗ ಆಸ್ಪತ್ರೆ ಸೇರಿದ 11,558 ರೋಗಿಗಳನ್ನು ನೋಡಿತು. ಪ್ಲಾಸ್ಮಾ ಪಡೆದವರಲ್ಲಿ 28 ದಿನದ ಸಾವು ಶೇ. 24, ಪಡೆಯದವರಲ್ಲೂ ಶೇ. 24. ಅದರ ಬೆನ್ನಿಗೇ, 2021ರ ಮೇ 17ರಂದು, ನಮ್ಮ ರಾಷ್ಟ್ರೀಯ ಮಾರ್ಗಸೂಚಿಯಿಂದ ಪ್ಲಾಸ್ಮಾವನ್ನು ತೆಗೆದುಹಾಕಿದರು. ಪ್ಲಾಸಿಡ್ ಫಲಿತಾಂಶ ಬಂದು ಏಳು ತಿಂಗಳಾಗಿತ್ತು. ಆ ಏಳು ತಿಂಗಳು ನನ್ನ ದೃಷ್ಟಿಯಲ್ಲಿ ದೊಡ್ಡ ತಪ್ಪು. ಎರಡನೇ ಅಲೆಯ ಮೊದಲೇ ಆ ಸಾಲನ್ನು ಅಳಿಸಿದ್ದರೆ ಅಷ್ಟೊಂದು ಮನೆಯವರು ಬೀದಿಬೀದಿ ಅಲೆಯಬೇಕಾಗಿರಲಿಲ್ಲ. ಅದೇ ರಿಕವರಿ ಪ್ರಯೋಗ 2020ರ ಜೂನ್‌ನಲ್ಲೇ ತೋರಿಸಿದ್ದ ಇನ್ನೊಂದು ಮದ್ದಿದೆ: ಡೆಕ್ಸಾಮೆಥಾಸೋನ್, ದಿನಕ್ಕೆ 6 ಎಂಜಿ, ಹೆಚ್ಚೆಂದರೆ ಹತ್ತು ದಿನ. ವೆಂಟಿಲೇಟರ್‌ನಲ್ಲಿದ್ದವರ ಸಾವು ಶೇ. 41ರಿಂದ 29ಕ್ಕೆ ಇಳಿಯಿತು. ಯಾವ ಮೆಡಿಕಲ್ ಶಾಪಿನಲ್ಲೂ ಸಿಗುವ, ಚಿಲ್ಲರೆ ಕಾಸಿನ ಮದ್ದು. ಉರಿಯೂತದ ಹಂತಕ್ಕೆ ಬೇಕಾಗಿದ್ದದ್ದು ಇದು. ಪ್ಲಾಸ್ಮಾ ಸಿಗದ ಎಷ್ಟೋ ಮನೆಯವರ ಹಿರಿಯರಿಗೆ ಇದು ಸಿಕ್ಕಿರಬಹುದು. ಕೊರಗುತ್ತಿರುವವರಿಗೆ ನಾನು ಹೇಳಬಯಸುವುದು ಇದನ್ನೇ: ನಿಮ್ಮ ಕೈತಪ್ಪಿದ್ದು ಜೀವ ಉಳಿಸುವ ಮದ್ದಲ್ಲ.

ಹಾಗೆಂದು ಪ್ಲಾಸ್ಮಾ ಬರೀ ನೀರು ಎಂದರೂ ತಪ್ಪು. ಅರ್ಜೆಂಟೀನಾದಲ್ಲೇ 160 ಮಂದಿ ಹಿರಿಯರಲ್ಲಿ ಅರ್ಧದಷ್ಟು ಮಂದಿಗೆ, ಲಕ್ಷಣ ಶುರುವಾದ 72 ಗಂಟೆಯೊಳಗೆ, ಮುಳ್ಳಿನ ವಿರುದ್ಧದ ಐಜಿಜಿ ಟೈಟರ್ 1:1000ಕ್ಕಿಂತ ಮೇಲಿದ್ದ 250 ಎಂಎಲ್ ಕೊಟ್ಟು ನೋಡಿದಾಗ ಉಸಿರಾಟದ ತೊಂದರೆ ಗಂಭೀರವಾದದ್ದು ಶೇ. 16 ಮಂದಿಗೆ, ಪ್ಲಾಸ್ಮಾ ಇಲ್ಲದವರಲ್ಲಿ ಶೇ. 31. ನಾಯಿಕಡಿತದ ನಿಯಮ ಇಲ್ಲೂ ಸರಿಹೋಯಿತು. ನನ್ನ ಲೆಕ್ಕಕ್ಕೆ ಪೂರ್ತಿ ಒಗ್ಗದ ಒಂದು ಫಲಿತಾಂಶವೂ ಇದೆ, ಅದನ್ನು ಮುಚ್ಚಿಡಬಾರದು. 2023ರಲ್ಲಿ ಪ್ರಕಟವಾದ ಬೆಲ್ಜಿಯಂನ ಪ್ರಯೋಗದಲ್ಲಿ ವೆಂಟಿಲೇಟರ್‌ಗೆ ಹಾಕಿದ 475 ರೋಗಿಗಳಿದ್ದರು. ಅಲ್ಲಿ ಸಾವು ಪ್ಲಾಸ್ಮಾ ಪಡೆದವರಲ್ಲಿ ಶೇ. 35.4, ಉಳಿದವರಲ್ಲಿ ಶೇ. 45. ಆದರೆ ಅಲ್ಲಿ ನಿಷ್ಕ್ರಿಯಗೊಳಿಸುವ ಟೈಟರ್‌ನ ಗುರಿಯೇ 1:320, ಮತ್ತು ಲಾಭ ಕಂಡದ್ದು ಮುಖ್ಯವಾಗಿ ವೆಂಟಿಲೇಟರ್ ಹಾಕಿ 48 ಗಂಟೆಯೊಳಗೆ ಪ್ರಯೋಗಕ್ಕೆ ಸೇರಿದವರಲ್ಲಿ. 1:40ರ ಬ್ಯಾಗಿಗೆ ಇದನ್ನು ಅನ್ವಯಿಸುವ ಹಾಗಿಲ್ಲ.

ಇವತ್ತು ಯಾರಿಗಾದರೂ ಕೋವಿಡ್ ಪ್ಲಾಸ್ಮಾ ಯೋಚಿಸಬೇಕೆಂದರೆ ಅದು ಸ್ವಂತ ದುಡಿಮೆಯೇ ಇಲ್ಲದವರಿಗೆ: ರಕ್ತದ ಕ್ಯಾನ್ಸರಿಗೆ ರಿಟುಕ್ಸಿಮ್ಯಾಬ್ ಎಂಬ ಮದ್ದು ಪಡೆಯುತ್ತಿರುವವರು, ಕಿಡ್ನಿ ಕಸಿಯಾಗಿ ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆಯಲ್ಲಿರುವವರು. ಇವರಲ್ಲಿ ವೈರಸ್ ವಾರಗಟ್ಟಲೆ ಉಳಿಯಬಹುದು, ಆಂಟಿಬಾಡಿ ಬರುವುದು ತೀರಾ ಕಡಿಮೆ ಅಥವಾ ಬರುವುದೇ ಇಲ್ಲ. ದಾನಿಯೂ ಲಸಿಕೆ ಹಾಕಿಸಿಕೊಂಡು, ಈಚೆಗೆ ಸೋಂಕೂ ಆಗಿ ಗುಣವಾದವರಿರಬೇಕು, ಆಗಲೇ ಟೈಟರ್ ಮೇಲಿರುವುದು ಮತ್ತು ಈಗಿನ ತಳಿಗೆ ಹೊಂದುವುದು. 2020ರ ಬ್ಯಾಗು ಫ್ರೀಜರಿನಲ್ಲಿ ಉಳಿದಿದ್ದರೆ ಅದು ಬೇಡ. ಬ್ಯಾಗ್ ಹಚ್ಚುವ ಮೊದಲು ರೋಗಿಯಿಂದ 3 ಎಂಎಲ್ ರಕ್ತ ತೆಗೆದು ಆಂಟಿಬಾಡಿ ಪರೀಕ್ಷೆಗೆ ಕಳಿಸಿ, ಟ್ಯೂಬಿನ ಮೇಲೆ ಗಂಟೆ ಸಮೇತ ಬರೆದಿಡಬೇಕು. ಹಚ್ಚಿದ ಮೇಲೆ ತೆಗೆದ ರಕ್ತದಲ್ಲಿ ಕಾಣುವ ಆಂಟಿಬಾಡಿ ರೋಗಿಯದ್ದೋ ದಾನಿಯದ್ದೋ ಎಂದು ಯಾವ ಯಂತ್ರವೂ ಬೇರ್ಪಡಿಸಿ ಹೇಳುವುದಿಲ್ಲ.